ಆರನೇ ರೀಲು

ಸಿನಿಮಾ ಬಿಡುವವನಿಗೆ ಸಿನಿಮಾ ಪೂರ್ತಿ ಗೊತ್ತಿರುತ್ತದೆ ಎಂದು ನಂಬಿದವರು ಒಂದು ಆಟದ ಹೊತ್ತು ಅವನು ಯಂತ್ರ ಓಡಿಸುವ ಗೂಡಿನಲ್ಲಿ ನಿಂತು ನೋಡಬೇಕು. ಎರಡು ಯಂತ್ರಗಳು, ಒಂದು ಓಡುತ್ತಿದ್ದರೆ ಇನ್ನೊಂದು ಬಾಯಿ ತೆರೆದುಕೊಂಡು ಕಾಯುತ್ತಿರುತ್ತದೆ. ಓಡುತ್ತಿರುವುದರೊಳಗೆ ಉರಿಯುವ ಕಾರ್ಬನ್ ಕಡ್ಡಿಗಳು ಸವೆಯುತ್ತಾ ಹೋಗುತ್ತವೆ. ಅವುಗಳ ಮೂತಿ ಸರಿಯಾದ ದೂರದಲ್ಲಿರುವಂತೆ ತಿರುಪು ತಿರುಗಿಸುತ್ತಲೇ ಇರಬೇಕು. ಮುಗಿದ ರೀಲನ್ನು ಹಿಂದಕ್ಕೆ ಸುತ್ತಬೇಕು, ಮುಂದಿನದನ್ನು ಹಲ್ಲಿನ ಚಕ್ರಗಳಿಗೆ ಪೋಣಿಸಬೇಕು, ರೀಲು ಮುಗಿಯಿತೆಂದು ಪರದೆಯ ಬಲ ಮೂಲೆಯಲ್ಲಿ ಚುಕ್ಕೆ ಮಿನುಗಿದ ಕ್ಷಣ ಇದನ್ನು ಆರಿಸಿ ಅದನ್ನು ಹಚ್ಚಬೇಕು. ಇಷ್ಟರ ನಡುವೆ ಅಂಗೈಯಗಲದ ಕಿಂಡಿಯಲ್ಲಿ ಇಣುಕಿದಾಗ ಕಂಡಷ್ಟೇ ಕತೆ. ಮಾತು ಕೇಳಿಸುವ ಪ್ರಶ್ನೆಯೇ ಇಲ್ಲ. ಯಂತ್ರದ ಗಡಗಡದಲ್ಲಿ ನಾಯಕಿ ಅತ್ತರೂ ಒಂದೇ, ನಕ್ಕರೂ ಒಂದೇ.

ನಮ್ಮ ಈ ಆಪರೇಟರ್ ಮಾತ್ರ ತಾನು ಬಿಡುವ ಪ್ರತಿ ಸಿನಿಮಾವೂ ತನಗೆ ಅಂಗೈ ಮೇಲಿನ ನೆಲ್ಲಿಕಾಯಿ ಎಂದು ತಿಳಿದಿದ್ದ. ಹಾಗೆ ತಿಳಿದು ಅವನೊಬ್ಬನೇ ಹಾಳಾಗಿದ್ದರೆ ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನಿರಬಹುದಿತ್ತು. ಜೊತೆಗೆ ಇನ್ನೊಬ್ಬಳನ್ನೂ ಎಳೆದುಕೊಂಡು ಹೋದ. ಅದಕ್ಕೇ ಈ ಕತೆ.

ಅವನು ಹುಟ್ಟಿ ಬೆಳೆದದ್ದು ಎರಡು ಕೋಣೆಯ ಮನೆಯಲ್ಲಿ, ಹನ್ನೊಂದು ಜನರ ನಡುವೆ. ಒಡಹುಟ್ಟಿದವರಲ್ಲಿ ಏಳನೆಯವನು. ಮನೆಗೆ ಇದ್ದದ್ದು ಒಂದೇ ಮಂಚ. ಗಿರಣಿಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ ಅಪ್ಪ ಬರುವ ತನಕ ಅದರ ಮೇಲೆ ಮೂವರು ಹುಡುಗರು. ಅಪ್ಪ ಬಂದು ಬಾಗಿಲಲ್ಲಿ ಕೆಮ್ಮಿದನೆಂದರೆ ಮೂವರೂ ಎದ್ದು ಗೋಡೆಗೊರಗಿ ಉಳಿದ ನಿದ್ದೆ ಮುಗಿಸಬೇಕು. ನಲ್ಲಿಗೆ ಸರದಿ, ಕಕ್ಕಸಿಗೆ ಸರದಿ, ಅಣ್ಣನ ಹಳೆಯ ಅಂಗಿಗೂ ಸರದಿ. ಅಮ್ಮ ಕೆಟ್ಟವಳಲ್ಲ. ಆದರೆ ಪಾತ್ರೆ ಬೇಗ ಬರಿದಾದ ದಿನ ಅವನ ತಲೆ ಸವರುತ್ತಾ, "ನೀನೊಬ್ಬ ಬರದೇ ಇದ್ದಿದ್ರೂ ನಡೀತಿತ್ತು ಕಣೋ" ಎಂದು ನಗುತ್ತಿದ್ದಳು. ಉಳಿದವರೂ ನಗುತ್ತಿದ್ದರು. ಅವನೂ ನಗುತ್ತಿದ್ದ, ಮತ್ತೇನು ಮಾಡಲು ಸಾಧ್ಯ?

ಹಾಗಾಗಿ ಊರಿನ ದೊಡ್ಡ ಚಿತ್ರಮಂದಿರದಲ್ಲಿ ಕೆಲಸ ಸಿಕ್ಕಾಗ ಅವನಿಗೆ ಸಂಬಳಕ್ಕಿಂತ ಹಿತವಾದದ್ದು ಆ ಗೂಡು. ಕಬ್ಬಿಣದ ಮೆಟ್ಟಿಲು ಹತ್ತಿ ಬಾಗಿಲು ಹಾಕಿಕೊಂಡರೆ ಒಳಗೆ ಅವನೊಬ್ಬನೇ. ಸುಡುವ ಸೆಖೆ, ಕಾರ್ಬನ್ ಹೊಗೆಯ ಘಾಟು, ಕೂರಲು ಒಂದು ಮುರುಕು ಸ್ಟೂಲು. ಇದ್ದರೆ ಇರಲಿ. ಕೆಳಗೆ ಸಾವಿರ ಜನ ಮೈಗೆ ಮೈ ತಾಗಿಸಿಕೊಂಡು ಬೆವರುತ್ತಿರುವಾಗ ಮೇಲೆ ಅವನು ಕೈಕಾಲು ಆಡಿಸಿಕೊಂಡು ನಿಲ್ಲಬಹುದಿತ್ತು.

ಮದುವೆಯಾದದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕರೆಗಳನ್ನು ಜೋಡಿಸುವ ಹುಡುಗಿಯನ್ನು. "ಗಂಡನೂ ಆಪರೇಟರು, ಹೆಂಡತಿಯೂ ಆಪರೇಟರು. ಆಪರೇಷನ್ ಒಂದು ಬಾಕಿ ನೋಡಿ" ಎಂದು ಗೇಟಿನಲ್ಲಿ ಟಿಕೆಟ್ ಹರಿಯುವವನು ತಮಾಷೆ ಮಾಡುತ್ತಿದ್ದ. ಅವಳ ಬಾಯಿ ಚುರುಕು, ಕಿವಿ ಅದಕ್ಕಿಂತ ಚುರುಕು. ದಿನವಿಡೀ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಊರಿನ ಹುಟ್ಟುಸಾವು, ಜಗಳ, ಬೀಗತನ ಎಲ್ಲವನ್ನೂ ಆ ತುದಿಯಿಂದ ಈ ತುದಿಗೆ ದಾಟಿಸಿ ಸಂಜೆ ಮನೆಗೆ ಬಂದರೆ ಗಂಡನ ಮುಂದೆ ದನಿ ಬದಲಿಸಿ ಎಲ್ಲರನ್ನೂ ಅಣಕಿಸಿ ತೋರಿಸುತ್ತಿದ್ದಳು. ಒಂದು ಕೋಣೆ, ಒಂದು ಅಡುಗೆಮನೆ, ನಡುವೆ ಒಂದು ಪರದೆ. ಇಬ್ಬರಿಗೆ ಧಾರಾಳವಾಗಿತ್ತು.

ಮದುವೆಯಾಗಿ ನಾಲ್ಕನೇ ವರ್ಷ ಒಂದು ಮಧ್ಯಾಹ್ನ ಅವಳು ಏದುಸಿರು ಬಿಡುತ್ತಾ ಗೂಡಿನ ಮೆಟ್ಟಿಲು ಹತ್ತಿ ಬಂದಳು. ಹಿಂದೆಂದೂ ಬಂದವಳಲ್ಲ.

"ರೀ, ಲೈನಲ್ಲಿ ಇನ್ನೊಬ್ರು ಇದ್ದಾರೆ" ಎಂದಳು.

"ಯಾರು?"

"ಗೊತ್ತಿಲ್ಲ. ಬಂದ ಮೇಲೆ ಕೇಳೋಣ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಚುಕ್ಕೆ ನೋಡುವುದು ಮರೆತೇಹೋಯಿತು. ಪರದೆ ಬೆಳ್ಳಗಾಗಿ ಕೆಳಗಿನಿಂದ ಶಿಳ್ಳೆ, ಬೈಗುಳ. ಅವನು ನಗುತ್ತಲೇ ಎರಡನೇ ಯಂತ್ರ ಹಚ್ಚಿದ. ಆ ಮಧ್ಯಾಹ್ನ ಅವನಿಗಾದಷ್ಟು ಸಂತೋಷ ಮತ್ತೆಂದೂ ಆಗಲಿಲ್ಲ.

ಅದೇ ತಿಂಗಳು ಬಂತು ನೋಡಿ, ಆ ಸಿನಿಮಾ.

ಆಗ ಹೊರದೇಶಗಳಲ್ಲಿ ಅಂಥ ಸಿನಿಮಾಗಳ ಸುಗ್ಗಿ. ಮುಂದೊಂದು ಕಾಲಕ್ಕೆ ಭೂಮಿಯ ಮೇಲೆ ಜನ ತುಂಬಿ ತುಳುಕಿ ಮನುಷ್ಯ ಮನುಷ್ಯನನ್ನು ತುಳಿಯುತ್ತಾನೆ ಎಂಬುದೇ ಎಲ್ಲದರ ಕತೆ. ಒಂದರಲ್ಲಿ ಬೀದಿಗಿಳಿಯಲು ಸರಕಾರದ ಚೀಟಿ ಬೇಕು. ಒಂದರಲ್ಲಿ ಉಸಿರಾಡುವ ಗಾಳಿಗೆ ತೆರಿಗೆ. ಇನ್ನೊಂದರಲ್ಲಿ ನೆಲವೆಲ್ಲ ಮುಗಿದು ಜನ ದೋಣಿಯಲ್ಲೇ ಹುಟ್ಟಿ ದೋಣಿಯಲ್ಲೇ ಸಾಯುತ್ತಾರೆ. ಎಲ್ಲದರಲ್ಲೂ ಆಕಾಶ ಬೂದಿ ಬಣ್ಣ, ಎಲ್ಲದರಲ್ಲೂ ಧ್ವನಿವರ್ಧಕ, ಎಲ್ಲದರಲ್ಲೂ ತಪ್ಪು ಮಾತ್ರ ಹುಟ್ಟಿದವರದ್ದೇ. ಇಂಥದ್ದನ್ನು ತೆಗೆದ ಮಹಾನುಭಾವರು ಈಜುಕೊಳವಿರುವ ಬಂಗಲೆಗಳಲ್ಲಿ ಇದ್ದಿರಬೇಕು. ಅವರಿಗೆ ಯಾರೂ ಸರಿದು ಕೂರು ಎಂದಿರಲಾರರು.

ಈ ಊರಿಗೆ ಬಂದದ್ದಕ್ಕೆ ಜನ ಇಟ್ಟ ಹೆಸರು 'ಬೆಲ್ಟ್ ಸಿನಿಮಾ'. ಅದರಲ್ಲಿ ಮಲಗಲು ಜಾಗವಿಲ್ಲದ ಜನ ಓಣಿಗಳ ಗೋಡೆಗೆ ಬೆಲ್ಟು ಬಿಗಿದುಕೊಂಡು ನಿಂತೇ ನಿದ್ದೆ ಮಾಡುತ್ತಾರೆ. ಗಂಟೆ ಹೊಡೆದರೆ ಅವರು ಬಿಚ್ಚಿಕೊಳ್ಳಬೇಕು, ಮುಂದಿನ ಪಾಳಿಯವರು ಕಟ್ಟಿಕೊಳ್ಳಬೇಕು. ನಾಯಕ ಒಬ್ಬ ಬೀಗ ರಿಪೇರಿಯವನು. ಐದನೇ ರೀಲಿನಲ್ಲಿ ಅವನು ಕದ್ದುಮುಚ್ಚಿ ಅರದಿಂದ ಒಂದು ಕೀಲಿಕೈ ಉಜ್ಜುತ್ತಾನೆ. ಮಾತೆಲ್ಲ ಪರದೇಶದ ಭಾಷೆ, ಊರಿನಲ್ಲಿ ಹತ್ತು ಜನಕ್ಕೂ ಬಾರದ್ದು. ಆದರೆ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನರನ್ನು ಪರದೆಯ ಮೇಲೆ ತೋರಿಸಿದರೆ ಅರ್ಥವಾಗಲು ಯಾವ ಭಾಷೆ ಬೇಕು?

ಮೊದಲ ದಿನದ ಮೊದಲ ಆಟ. ಆರನೇ ರೀಲು ಬಂದಾಗ ಚಿತ್ರಮಂದಿರದಲ್ಲಿ ಶಿಳ್ಳೆ ಶುರುವಾಯಿತು. ಮಾತಿಲ್ಲ, ಸಂಗೀತವಿಲ್ಲ, ಜನರಿಲ್ಲ. ಕೆಲವರು ಎದ್ದು ಬೀಡಿ ಸೇದಲು ಹೊರಗೆ ಹೋದರು. ಎರಡನೇ ಯಂತ್ರದ ಕಡ್ಡಿ ಪದೇಪದೇ ಆರುತ್ತಿದ್ದುದರಿಂದ ಆಪರೇಟರ್ ಅದರ ಮೇಲೆ ಬಗ್ಗಿಕೊಂಡಿದ್ದ. ಒಮ್ಮೆ ಇಣುಕಿದ: ಒಂದು ಖಾಲಿ ಕೋಣೆ, ಹಾಸಿದ ಹಾಸಿಗೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಣುಕಿದ: ಇನ್ನೊಂದು ಖಾಲಿ ಕೋಣೆ. ಥೂ, ಇದೇನು ಎಂದುಕೊಂಡು ಕಡ್ಡಿಯ ಕಡೆಗೆ ತಿರುಗಿದ.

ಆಟ ಮುಗಿಯುತ್ತಲೇ ಮಾಲೀಕ ಮೇಲೆ ಬಂದ. ಮೆಟ್ಟಿಲು ಹತ್ತಿದ್ದಕ್ಕೆ ಉಬ್ಬಸ, ಮೇಲೆ ಸಿಟ್ಟು.

"ಏನಯ್ಯಾ ಅದು, ಇಪ್ಪತ್ತು ನಿಮಿಷ ಖಾಲಿ ಮನೆ! ಖಾಲಿ ಮನೆ ನೋಡೋಕೆ ಯಾರಾದ್ರೂ ದುಡ್ಡು ಕೊಡ್ತಾರಾ? ಜನಕ್ಕೆ ಜನ ಬೇಕು. ತೆಗೆದುಬಿಡು ಆ ರೀಲನ್ನ. ದಿನಕ್ಕೆ ಇನ್ನೊಂದು ಆಟ ಆಗುತ್ತೆ."

"ಕತೆ ತುಂಡಾಗಲ್ವಾ ಯಜಮಾನ್ರೇ?"

"ಕತೆ ಯಾರಿಗಯ್ಯಾ ಅರ್ಥ ಆಗಿದೆ? ನಿನಗೆ ಆಗಿದೆಯಾ?"

ಆಪರೇಟರ್ ವಾದಿಸಲಿಲ್ಲ. ಕತ್ತರಿಸಿ ಅಂಟಿಸುವುದರಲ್ಲಿ ಅವನ ಕೈ ಪಳಗಿದ್ದು. ಐದನೆಯದರ ಬಾಲದಲ್ಲೂ ಏಳನೆಯದರ ತಲೆಯಲ್ಲೂ ಖಾಲಿ ಮನೆಗಳ ಚೂರು ಸೇರಿಕೊಂಡಿದ್ದವು, ಅದನ್ನೂ ಕತ್ತರಿಸಿದ. ಅಂಚನ್ನು ಬ್ಲೇಡಿನಿಂದ ಕೆರೆದು, ಅಂಟು ಸವರಿ, ಒತ್ತಿ ಹಿಡಿದ. ಹೊಸ ಜಾಗದಲ್ಲಿ ಸೂಜಿಯಿಂದ ಚುಕ್ಕೆ ಕೆತ್ತಿದ. ಆರನೇ ರೀಲು ತನ್ನ ತಗಡಿನ ಡಬ್ಬಿಯಲ್ಲಿ ಕೂತು ಅಟ್ಟ ಸೇರಿತು. ಆಮೇಲೆ ಯಾವಾಗಲೋ ಗುಜರಿಗೆ ಹೋಯಿತು. ಈಗ ಕೀಲಿಕೈ ಉಜ್ಜುತ್ತಿದ್ದ ನಾಯಕ ಮರುಕ್ಷಣವೇ ಹರಿದ ಅಂಗಿಯಲ್ಲಿ ಓಣಿಯುದ್ದಕ್ಕೂ ಓಡುತ್ತಾ ಬಾಯಿ ಬಾಯಿ ಬಡಿದುಕೊಂಡು ಕೂಗುತ್ತಿದ್ದ. ಕಾವಲುಗಾರರು ಅವನನ್ನು ಹಿಡಿದು, ಬಾಯಿಗೇ ಬೆಲ್ಟು ಬಿಗಿದು ಗೋಡೆಗೆ ಕಟ್ಟುತ್ತಿದ್ದರು. ಜನರ ಕಿಕ್ಕಿರಿದ ಮುಖಗಳ ಮೇಲೆ ಸಿನಿಮಾ ಮುಗಿಯುತ್ತಿತ್ತು. ಪಾಪ, ಆ ಜನಜಂಗುಳಿಯಲ್ಲಿ ನಾಯಕನಿಗೆ ಹುಚ್ಚು ಹಿಡಿಯಿತು ಎಂದು ಎಲ್ಲರಿಗೂ ಅರ್ಥವಾಯಿತು. ಜೋಡಿಸಿದ ಗುರುತು ಯಾರಿಗೂ ಕಾಣಲಿಲ್ಲ. "ಕೈ ಅಂದ್ರೆ ಕೈ" ಎಂದು ಮಾಲೀಕ ಬೆನ್ನು ತಟ್ಟಿದ.

ವಾರಗಟ್ಟಲೆ ಓಡಿತು. ಓಣಿಯಲ್ಲಿ ನಿಂತು ನಿದ್ದೆ ಮಾಡುವ ಆ ಜನರನ್ನು ಆಪರೇಟರ್ ದಿನಕ್ಕೆ ಐದು ಸಲ ನೋಡಿದ. ಉಳಿದವರಿಗೆ ಅದು ಸಿನಿಮಾ. ಅವನಿಗೆ ಅದು ಅಪ್ಪ ಕೆಮ್ಮಿದ ಮೇಲಿನ ಬೆಳಗು. ಗೋಡೆಯ ತಂಪು ಬೆನ್ನಿಗೆ ತಾಗಿದಂತಾಗುತ್ತಿತ್ತು. ಮುಖ ತಿರುಗಿಸಿ ಹಿಂದಿನ ಕಿಟಕಿಯಿಂದ ಬೀದಿ ನೋಡಿದರೆ ಅಲ್ಲೂ ಜನ. ಟಿಕೆಟ್ ಕಿಂಡಿಗೆ ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಕೈ ತೂರಿಸುತ್ತಿದ್ದಾರೆ. ಸಿನಿಮಾದಲ್ಲಿರುವುದು ಆಗಲೇ ಶುರುವಾಗಿದೆ ಎಂದು ಅವನಿಗೆ ಖಚಿತವಾಯಿತು. ಆ ನೂಕುನುಗ್ಗಲು ಆ ಸಿನಿಮಾ ನೋಡಲೆಂದೇ ಬಂದದ್ದು ಎಂಬ ಸಣ್ಣ ವಿಷಯ ಅವನಿಗೆ ಹೊಳೆಯಲಿಲ್ಲ. ಹೆದರಿದವನಿಗೆ ಹಗ್ಗವೆಲ್ಲ ಹಾವೇ.

ಮನೆಯಲ್ಲಿ ಮಾತು ತೆಗೆದ.

"ನೋಡು, ಈಗಲೇ ಹೀಗಿದೆ. ಇನ್ನು ಮೂವತ್ತು ವರ್ಷಕ್ಕೆ ನಿಲ್ಲೋಕೂ ನೆಲ ಇರಲ್ಲ. ಅಂಥ ಕಡೆಗೆ ಒಂದು ಜೀವಾನ ಕರ್ಕೊಂಡು ಬರೋದು ಪಾಪ ಅಲ್ವಾ?"

ಅವಳು ಮೊದಲು ನಕ್ಕಳು. "ಕರೆದಾಯ್ತು, ಅದು ಹೊರಟೂ ಆಯ್ತು. ಈಗ ಲೈನ್ ಕಟ್ ಮಾಡೋದಾ?"

"ತಮಾಷೆ ಅಲ್ಲ ಇದು."

"ತಮಾಷೆ ಅಲ್ಲ ಅಂತ ಗೊತ್ತಾಗ್ತಿದೆ. ಅದಕ್ಕೇ ನಗ್ತಿದ್ದೀನಿ."

ನಗು ಹೆಚ್ಚು ದಿನ ನಡೆಯಲಿಲ್ಲ. ಅವನು ಊಟಕ್ಕೆ ಕೂತರೆ ಅದೇ, ಎದ್ದರೆ ಅದೇ. ಸುದ್ದಿ ಕೇಳಿ ಅವಳ ಅಕ್ಕ ಓಡಿಬಂದಳು. "ಹುಟ್ಟಿಸಿದ ದೇವರು ಹುಲ್ಲು ಮೇಯಿಸಲ್ಲ ಕಣಪ್ಪಾ. ಭೂಮಿಗೆ ಭಾರ ಆಗೋಕೆ ನಿಮ್ಮನೆ ಕೂಸೇ ಬೇಕಾಗಿತ್ತಾ?" ಎಂದು ತಂಗಿಯ ಗಂಡನ ಮುಖಕ್ಕೇ ಕೇಳಿದಳು. "ಎಲ್ರೂ ಹಾಗೇ ಅಂದ್ಕೊಂಡ್ರೆ?" ಎಂದ ಅವನು. ಆ ಮಾತಿಗೆ ಅಕ್ಕನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದ ಮಾತೆಲ್ಲ ಸತ್ಯವೆಂದು ತಿಳಿಯುವುದು ನಮ್ಮಲ್ಲಿ ಹಳೆಯ ರೋಗ.

ಕೊನೆಗೆ ಅವನು ಹೆಂಡತಿಯನ್ನೇ ಸಿನಿಮಾಕ್ಕೆ ಕರೆದುಕೊಂಡು ಹೋದ. ಬಾಲ್ಕನಿಯ ಕೊನೆಯ ಸಾಲಿನಲ್ಲಿ, ಗೂಡಿನ ಕಿಂಡಿಯ ಕೆಳಗೇ ಕೂರಿಸಿದ. ಕತ್ತಲೆಯಲ್ಲಿ ಅವಳ ನೆತ್ತಿಯ ಮೇಲೆ ಹಾದು ಹೋಗುವ ಬೆಳಕು ಅವನದ್ದೇ. ಸಿನಿಮಾದಲ್ಲಿ ಒಬ್ಬ ತಾಯಿ ಎದೆಗೊರಗಿದ ಮಗುವನ್ನೂ ತನ್ನನ್ನೂ ಒಂದೇ ಬೆಲ್ಟಿನಲ್ಲಿ ಬಿಗಿದುಕೊಂಡು ನಿಂತಿರುತ್ತಾಳೆ. ಗಂಟೆ ಹೊಡೆದಾಗ ಹಿಂದಿನವರು ಅವಳನ್ನು ಬಿಚ್ಚಿ ಆಚೆ ತಳ್ಳುತ್ತಾರೆ. ಅದನ್ನು ನೋಡಿ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡದ್ದು ಅವನಿಗೆ ಕಿಂಡಿಯಿಂದ ಕಂಡಿತು. ಆಟ ಮುಗಿದ ಮೇಲೆ ಹೊರಗಿನ ಚರಂಡಿಯ ಹತ್ತಿರ ವಾಂತಿ ಮಾಡಿಕೊಂಡಳು. ಆಮೇಲೆ ಮುಖ ಒರೆಸಿಕೊಂಡು, "ನೀವು ಹೇಳಿದ್ದು ನಿಜ. ಆಗ್ಲಿ" ಎಂದಳು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಅವಳು ಕಣ್ಣಾರೆ ಕಂಡಳು, ಪ್ರಮಾಣಿಸುವ ಭಾರವನ್ನು ಗಂಡನಿಗೆ ಬಿಟ್ಟಳು.

ಬಸಿರು ತೆಗೆಸಲು ಅವಳನ್ನು ಬೆಳಿಗ್ಗೆ ಆಸ್ಪತ್ರೆಗೆ ಬಿಟ್ಟು ಬಂದ, ಮ್ಯಾಟಿನಿಗೆ ಬದಲಿ ಜನವಿಲ್ಲದ್ದರಿಂದ ಕೆಲಸಕ್ಕೆ ಹೋದ. ಸಂಜೆ ಕರೆದುಕೊಂಡು ಬಂದಾಗ ಅವಳ ಮೈ ಕೆಂಡವಾಗಿತ್ತು. ಜ್ವರ ಇಳಿಯಲು ಹದಿನೈದು ದಿನ ಹಿಡಿಯಿತು. ಇಳಿದ ಮೇಲೆ ಡಾಕ್ಟರಮ್ಮ ಅವನನ್ನು ಹೊರಗೆ ಕರೆದು, ಒಳಗೆ ನಂಜಾಗಿದೆ, ಇನ್ನು ಮುಂದೆ ಮಕ್ಕಳ ಆಸೆ ಇಟ್ಟುಕೊಳ್ಳಬೇಡಿ ಎಂದರು. ಅವನು ಬಾಗಿಲು ಹಾಕಿದ ಗೂಡಿನಲ್ಲಿ ರೀಲು ಸುತ್ತುತ್ತಾ ಅತ್ತ. ಅವನು ಕಲ್ಲೆದೆಯವನಲ್ಲ, ಅದನ್ನು ಹೇಳಲೇಬೇಕು. ಕಲ್ಲೆದೆಯವನಾಗಿದ್ದರೆ ಅಷ್ಟು ಹೆದರುತ್ತಲೂ ಇರಲಿಲ್ಲ.

ಅತ್ತವನು ತಪ್ಪಾಯಿತು ಎಂದುಕೊಂಡನೇ? ಇಲ್ಲ. ಹಾಗೆಂದುಕೊಂಡರೆ ಬದುಕುವುದು ಹೇಗೆ? ಬದಲಿಗೆ ತಾನು ಮಾಡಿದ್ದು ಲೋಕಕ್ಕೆಲ್ಲ ಬುದ್ಧಿ ಎಂದು ಸಾರತೊಡಗಿದ. ಚಹಾದಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಅಣ್ಣತಮ್ಮಂದಿರ ಮನೆಯ ಊಟದ ಪಂಕ್ತಿಯಲ್ಲಿ, ಯಾರ ಹೆಂಡತಿ ಬಸುರಿ ಎಂದು ಕಿವಿಗೆ ಬಿದ್ದರೂ "ಮುಂದಾಲೋಚನೆ ಬೇಡವಾ?" ಎಂದು ಶುರುಮಾಡುತ್ತಿದ್ದ. ಜನ ಅವನಿಗೆ 'ಮುಂದಾಲೋಚನೆ' ಎಂದೇ ಹೆಸರಿಟ್ಟರು. ಅವನು ಬರುವುದು ಕಂಡರೆ ಬಸುರಿಯರು ಒಳಗೆ ಹೋಗುತ್ತಿದ್ದರು.

ಹೆಂಡತಿ ಸುಧಾರಿಸಿಕೊಂಡಳು. ಹೇಗೆಂದರೆ ಅವನ ಮಾತನ್ನೇ ಊರುಗೋಲು ಮಾಡಿಕೊಂಡು. ಎಕ್ಸ್‌ಚೇಂಜಿನಲ್ಲಿ ಯಾರಿಗೋ ಮಗು ಹುಟ್ಟಿದ ಸುದ್ದಿ ದಾಟಿಸಿ ಬಂದ ಸಂಜೆ ಸಪ್ಪಗಿರುತ್ತಿದ್ದಳು. ಮರುದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದೆ ಜೋತಾಡಿಕೊಂಡು ಬಂದರೆ ಮುಖದಲ್ಲಿ ಒಂದು ಥರದ ಸಮಾಧಾನ. "ಸದ್ಯ ರೀ, ನೀವು ಅವತ್ತು ಹೇಳಿದ್ದು ಒಳ್ಳೇದಾಯ್ತು. ಅದು ಈ ನೂಕಾಟದಲ್ಲಿ ನರಳಬೇಕಿತ್ತು" ಎನ್ನುತ್ತಿದ್ದಳು. ಅವಳು ಯಾವತ್ತೂ 'ಅದು' ಎಂದೇ ಹೇಳುತ್ತಿದ್ದಳು. ಆಸ್ಪತ್ರೆಯ ಸಾಲು, ಶಾಲೆಯ ಮುಂದಿನ ಸಾಲು, ಬಾಡಿಗೆ ಮನೆಗೆ ಅಲೆಯುವವರು, ಎಲ್ಲವನ್ನೂ ಕಂಡು ಕಂಡು ಮನಸ್ಸಿಗೆ ಮದ್ದು ಹಚ್ಚಿಕೊಂಡಳು. ಗಂಡ ಮುಂದಿನದನ್ನು ಕಂಡವನು, ತಾನು ಅವನ ಮಾತು ಕೇಳಿದವಳು. ಹೋದದ್ದು ಸುಮ್ಮನೆ ಹೋಗಲಿಲ್ಲ. ಇಷ್ಟರ ಮೇಲೆ ಅವಳ ಬಾಳು ನಿಂತಿತ್ತು. ಇಷ್ಟೂ ಹೋಗಿದ್ದರೆ ಅವಳು ಎಂದೋ ಹೋಗಿಬಿಡುತ್ತಿದ್ದಳು.

ಹಾಗೆ ನಲವತ್ತು ವರ್ಷ ಕಳೆಯಿತು. ಎಕ್ಸ್‌ಚೇಂಜಿನಲ್ಲಿ ಯಂತ್ರಗಳು ಬಂದು ಅವಳಿಗೆ ನಿವೃತ್ತಿಯಾಯಿತು. ಚಿತ್ರಮಂದಿರ ಒಡೆದು ಸ್ನಾನದಮನೆಯ ಟೈಲ್ಸ್ ಮಾರುವ ಅಂಗಡಿಯಾಯಿತು. ಮುಂದಾಲೋಚನೆಯ ಮಾತು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಆಪರೇಟರ್ ಮನೆಯಲ್ಲಿ ಕೂತು ಹೆಂಡತಿಗೇ ಹಳೆಯ ಕತೆ ಹೇಳುತ್ತಿದ್ದ, ಅವಳು ಹೂಂಗುಡುತ್ತಿದ್ದಳು. ಆಗ ಒಂದು ದಿನ ಸಿನಿಮಾ ಸಂಘದ ಹುಡುಗಿಯೊಬ್ಬಳು ಅವನನ್ನು ಹುಡುಕಿಕೊಂಡು ಬಂದಳು. ಹಳೆಯ ಸಿನಿಮಾಗಳನ್ನು ತರಿಸಿ ತೋರಿಸುವುದು, ಹಳಬರನ್ನು ಮಾತಾಡಿಸುವುದು ಅವರ ಸಂಘದ ಕೆಲಸ. ಆಪರೇಟರ್ ಉಬ್ಬಿಹೋದ. ಕಾರ್ಬನ್ ಕಡ್ಡಿಯಿಂದ ಹಿಡಿದು ಸೂಜಿಚುಕ್ಕೆಯವರೆಗೆ ಎಲ್ಲ ಹೇಳಿದ. ಬೆಲ್ಟ್ ಸಿನಿಮಾದ ಆರನೇ ರೀಲನ್ನು ಎಗರಿಸಿ ದಿನಕ್ಕೆ ಐದು ಆಟ ಬಿಟ್ಟದ್ದನ್ನಂತೂ ಕೈ ಬಾಯಿ ತಿರುಗಿಸಿ ಹೇಳಿದ. ಹೆಂಡತಿ ಚಹಾ ಕೊಡುತ್ತಾ, "ಯಾರಿಗೂ ಗೊತ್ತೇ ಆಗ್ಲಿಲ್ಲವಂತೆ ನೋಡಮ್ಮಾ, ನನಗೂ ಇವತ್ತೇ ಗೊತ್ತಾಗಿದ್ದು" ಎಂದು ನಕ್ಕಳು.

ಹುಡುಗಿ ಬೆರಗಾಗಿ ಹೋದಳು. ಎರಡು ತಿಂಗಳಿಗೆ ಮತ್ತೆ ಬಂದು, ಬೇರೆ ದೇಶದಿಂದ ಪೂರ್ತಿ ಪ್ರತಿ ತರಿಸಿದ್ದೇವೆ, ಕೆಳಗೆ ನಮ್ಮ ಭಾಷೆಯ ಅಕ್ಷರಗಳನ್ನೂ ಹಾಕಿಸಿದ್ದೇವೆ, ಭಾನುವಾರ ಬೆಳಿಗ್ಗೆ ಪ್ರದರ್ಶನ, ತಾವಿಬ್ಬರೂ ಬರಲೇಬೇಕು, ತಮಗೊಂದು ಸನ್ಮಾನ ಎಂದಳು.

ನೂರು ಕುರ್ಚಿಗಳ ಸಣ್ಣ ಹಾಲ್. ಗಂಡ ಹೆಂಡತಿಗೆ ಮುಂದಿನ ಸಾಲಿನಲ್ಲಿ ಜಾಗ. ಸಿನಿಮಾಕ್ಕೆ ಮುಂಚೆ ಹುಡುಗಿ ಮೈಕಿನಲ್ಲಿ ರೀಲಿನ ಕತೆ ಹೇಳಿದಳು. "ಅವತ್ತು ನಮ್ಮ ಸರ್ ಕತ್ತರಿಸಿದ ಆರನೇ ರೀಲನ್ನ ಈ ಊರು ನಲವತ್ತು ವರ್ಷ ತಡವಾಗಿ ನೋಡ್ತಾ ಇದೆ!" ಎಲ್ಲರೂ ನಗುತ್ತಾ ಚಪ್ಪಾಳೆ ತಟ್ಟಿದರು. ಆಪರೇಟರ್ ಎದ್ದು ಕೈಮುಗಿದ. ಹೆಂಡತಿಯೂ ನಗುತ್ತಿದ್ದಳು.

ಸಿನಿಮಾ ಶುರುವಾಯಿತು. ಓಣಿಗಳು, ಬೆಲ್ಟುಗಳು, ಗಂಟೆ. ಮಗುವಿನೊಂದಿಗೆ ಕಟ್ಟಿಕೊಂಡ ತಾಯಿ ಬಂದಾಗ ಹೆಂಡತಿ ಅವನ ತೋಳು ಹಿಡಿದ ಕೈ ಬಿಗಿಮಾಡಿದಳು. ಬೀಗದವನು ಕೀಲಿಕೈ ಉಜ್ಜಿದ. ಆಮೇಲೆ ಓಣಿಯ ತುದಿಯ ದೊಡ್ಡ ಬಾಗಿಲಿಗೆ ಅದನ್ನು ತೂರಿಸಿ ತಿರುಗಿಸಿದ.

ಆಚೆಗೆ ಬೀದಿಗಳಿದ್ದವು. ಮರಗಳಿದ್ದವು. ಸಾಲು ಸಾಲು ಮನೆಗಳು, ಯಾವುದರಲ್ಲೂ ಒಂದು ನರಪಿಳ್ಳೆಯಿಲ್ಲ. ಬೀಗದವನು ಒಂದೊಂದೇ ಮನೆಯೊಳಗೆ ಹೋಗುತ್ತಾನೆ. ಹಾಸಿದ ಹಾಸಿಗೆಗಳು, ಬೋರಲು ಹಾಕಿದ ಲೋಟಗಳು. ಒಂದು ಶಾಲೆ, ಬೆಂಚುಗಳ ಮೇಲೆ ಧೂಳು. ಒಂದು ಉಗ್ರಾಣ, ಸೂರಿನವರೆಗೆ ಮೂಟೆ. ಅವನು ಮಾತಾಡುವುದಿಲ್ಲ, ಮಾತಾಡಲು ಅಲ್ಲಿ ಯಾರಿದ್ದಾರೆ? ನಡೆಯುತ್ತಾನೆ, ನಡೆಯುತ್ತಲೇ ಇರುತ್ತಾನೆ, ಊರು ಮುಗಿಯುವುದಿಲ್ಲ. ಆಳುವವರು ಬಾಗಿಲು ಹಾಕಿಕೊಂಡು ಇಷ್ಟೆಲ್ಲವನ್ನೂ ಇಟ್ಟುಕೊಂಡು, ಉಳಿದವರನ್ನು ನಾಲ್ಕು ಓಣಿಗಳಲ್ಲಿ ತುಂಬಿ, ನೀವು ಹೆಚ್ಚಾಗಿದ್ದೀರಿ ಎಂದು ಧ್ವನಿವರ್ಧಕದಲ್ಲಿ ಕೂಗುತ್ತಿದ್ದರು. ಅಕ್ಷರ ಓದಬೇಕಾಗಿರಲಿಲ್ಲ. ಕಣ್ಣಿದ್ದವರಿಗೆ ಸಾಕಿತ್ತು.

"ರೀ, ಇದು ಅವತ್ತು ಇರಲಿಲ್ಲ" ಎಂದಳು ಹೆಂಡತಿ, ಮೆಲ್ಲಗೆ.

"ಹೂಂ. ಇದೇ ಆರನೇದು" ಎಂದ, ಬಾಯಿಗೆ ಬಂದದ್ದು. ಹೇಳಿದ ಮೇಲೆ ಅವನಿಗೆ ಅದರ ಅರ್ಥ ತಟ್ಟಿತು. ಪಕ್ಕಕ್ಕೆ ತಿರುಗುವ ಧೈರ್ಯವಾಗಲಿಲ್ಲ.

ಕೊನೆಯ ರೀಲು. ಹರಿದ ಅಂಗಿಯ ಬೀಗದವನು ಓಣಿಯುದ್ದಕ್ಕೂ ಓಡುತ್ತಾ ಕೂಗುತ್ತಾನೆ. ಆಪರೇಟರ್ ಸಾವಿರ ಸಲ ನೋಡಿದ ದೃಶ್ಯ. ಈ ಸಲ ಕೆಳಗೆ ಅಕ್ಷರಗಳು ಬಂದವು. ಹೆಂಡತಿ ಅವನ್ನು ತುಟಿಯಾಡಿಸುತ್ತಾ ಒಂದೊಂದಾಗಿ ಓದಿದಳು. "ಬಾಗಿಲು ತೆರೆದಿದೆ... ಬಿಚ್ಚಿಕೊಳ್ಳಿ... ಜಾಗ ಇದೆ... ಎಲ್ಲರಿಗೂ ಜಾಗ ಇದೆ..." ಕಾವಲುಗಾರರು ಬಾಯಿಗೆ ಬೆಲ್ಟು ಬಿಗಿದರು. ಅಕ್ಷರಗಳು ನಿಂತವು. ಅವಳ ತುಟಿಯೂ ನಿಂತಿತು. ಅವನ ತೋಳಿನ ಮೇಲಿದ್ದ ಕೈ ಯಾವಾಗಲೋ ಹೋಗಿಬಿಟ್ಟಿತ್ತು.

ದೀಪ ಹತ್ತಿತು, ಚಪ್ಪಾಳೆ ಬಿತ್ತು. ಹುಡುಗಿ ವೇದಿಕೆಗೆ ಕರೆದಳು. ಅವನು ಕೂತೇ ಇದ್ದ. "ಹೋಗಿ, ಕರೀತಿದ್ದಾರೆ" ಎಂದಳು ಹೆಂಡತಿ, ಎಕ್ಸ್‌ಚೇಂಜಿನಲ್ಲಿ ಗುರುತಿಲ್ಲದವರ ಜೊತೆ ಮಾತಾಡುತ್ತಿದ್ದ ದನಿಯಲ್ಲಿ. ಹೋದ. ಕೈಗೊಂದು ಫಲಕ ಕೊಟ್ಟರು. ಯಾರೋ ಹುಡುಗ ಎದ್ದು, "ಸರ್, ಆ ರೀಲು ಇಲ್ಲದೇ ಜನಕ್ಕೆ ಸಿನಿಮಾ ಹೇಗನ್ನಿಸ್ತು?" ಎಂದು ಕೇಳಿದ. "ಹೌಸ್‌ಫುಲ್" ಎಂದ ಅವನು. ಅದೊಂದೇ ಪದ ಬಾಯಿಗೆ ಸಿಕ್ಕಿದ್ದು. ಹಾಲಿಗೆ ಹಾಲೇ ನಕ್ಕಿತು.

ಹೊರಗೆ ಬಂದಾಗ ಅವಳು ಕಾಂಪೌಂಡ್ ಗೋಡೆಯ ನೆರಳಲ್ಲಿ ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಅವನಿಗೆ ಏನಾದರೂ ಮಾಡಲು ಇರುತ್ತಿತ್ತು.

"ಕತ್ತರಿಸೋ ಮುಂಚೆ ಅದನ್ನ ಪೂರ್ತಿ ನೋಡಿದ್ರಾ?" ಎಂದು ಕೇಳಿದಳು.

ಸುಳ್ಳು ಹೇಳೋಣವೆಂದರೆ ಯಾವ ಸುಳ್ಳು ಒಳ್ಳೆಯದೆಂದು ಅವನಿಗೆ ತಿಳಿಯಲಿಲ್ಲ. "ಇಲ್ಲ. ಬರೀ ಖಾಲಿ ಮನೆ ಅಂತ ಬಿಟ್ಟೆ. ಕಡ್ಡಿ ಆರ್ತಾ ಇತ್ತು."

"ನೋಡಿ ಮುಚ್ಚಿಟ್ಟಿದ್ರೆ ನಿಮ್ಮನ್ನ ಬೈಕೊಂಡಾದ್ರೂ ಇರ್ತಿದ್ದೆ. ನೋಡದೇನೇ ನನಗೆ ಹೇಳಿದ್ರಲ್ಲ."

"ಅದು ಸಿನಿಮಾ ಕಣೇ. ಯಾರೋ ಕಟ್ಟಿದ ಕತೆ. ಅದನ್ನ ನಿಜ ಅಂದ್ಕೊಂಡ್ರೆ ಹೇಗೆ?"

"ಅವತ್ತು ನಿಜ ಅಂದಿದ್ರಿ."

ಅವನು ಫಲಕವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ನಲವತ್ತು ವರ್ಷ ಬಸ್ಸಲ್ಲಿ ಜನ ಕಂಡಾಗೆಲ್ಲ ಸದ್ಯ, ಸದ್ಯ ಅಂದ್ಕೊಂಡು ದಿನ ದೂಡಿದೆ" ಎಂದಳು. "ಇನ್ನು ಏನಂದ್ಕೊಳ್ಲಿ, ಹೇಳಿ. ಕತೆ ಚೆನ್ನಾಗಿ ಹೇಳ್ತೀರಲ್ಲ ನೀವು."

ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಬಂದರು. ಅವಳು ಎಂದಿನಂತೆ ಅಡುಗೆ ಮಾಡಿದಳು, ಬಡಿಸಿದಳು, ಔಷಧಿ ಎತ್ತಿಕೊಟ್ಟಳು. ಜಗಳವಾಡಲಿಲ್ಲ. ಅವನು ಏನಾದರೂ ಹೇಳಲು ಶುರುಮಾಡಿದರೆ ಎದ್ದು ಒಳಗೆ ಹೋಗುತ್ತಿದ್ದಳು, ಅಷ್ಟೇ. ಎರಡು ಮೂರು ಸಲ ನೋಡಿ ಅವನೂ ಶುರುಮಾಡುವುದನ್ನು ಬಿಟ್ಟ.

ಆ ವಾರದ ಕೊನೆಗೆ ಫೋನ್ ಬಂತು. ಅವನು ಪಕ್ಕದಲ್ಲೇ ಕುರ್ಚಿಯಲ್ಲಿ ಕೂತಿದ್ದ. ಅವಳೇ ಎತ್ತಿದಳು. ಸಿನಿಮಾ ಸಂಘದ ಹುಡುಗಿಯ ಉತ್ಸಾಹದ ದನಿ ಅವನಿಗೂ ಕೇಳಿಸುತ್ತಿತ್ತು. "ಅಮ್ಮಾ, ಸರ್ ರೀಲು ಕತ್ತರಿಸಿದ ಕತೆ ಎಲ್ಲರಿಗೂ ತುಂಬಾ ಹಿಡಿಸಿಬಿಟ್ಟಿದೆ. ಇನ್ನೂ ಮೂರು ಊರಲ್ಲಿ ಕರೀತಿದ್ದಾರೆ. ಕಾರು ಕಳಿಸ್ತೀವಿ. ಅವರು ಬಂದು ಅದೇ ಕತೆ ಹೇಳಬೇಕು. ಬರ್ತಾರಾ ಅಮ್ಮಾ?"

ಅವನು ಬೇಡ, ಬೇಡ ಎಂದು ಕೈಯಾಡಿಸಿದ. ಅವಳು ಅವನ ಮುಖವನ್ನೇ ನೋಡುತ್ತಾ ಹೇಳಿದಳು:

"ಬರ್ತಾರಮ್ಮ, ಕಾರು ಕಳಿಸಿ. ಕತೆ ಹೇಳೋಕೆ ಮನೇಲಿ ಅವರಿಗೆ ಯಾರೂ ಇಲ್ಲ."